ಮುರಿದದ್ದು ಕಾಲು, ನೋಯುವುದು ಸೊಂಟ

ನಮ್ಮಪ್ಪನಿಗೆ ಮುರಿದದ್ದು ಕಾಲು. ಆದರೆ ಚಳಿ ಶುರುವಾದರೆ ಅವರು ಕೈ ಇಟ್ಟುಕೊಳ್ಳುವುದು ಸೊಂಟದ ಮೇಲೆ.

ಎರಡು ವರ್ಷದ ಹಿಂದೆ ಮಾರ್ಚಿನಲ್ಲಿ ಕರಿಮೆಣಸು ಕುಯ್ಯುವಾಗ ಬಿದ್ದರು. ಕೊಡಗಿನ ನಾಪೋಕ್ಲು ಕಡೆ ನಮ್ಮದೊಂದು ಸಣ್ಣ ತೋಟ. ಆರು ಎಕರೆ ರೊಬಸ್ಟಾ ಕಾಫಿ, ನಡುನಡುವೆ ಸಿಲ್ವರ್ ಮರ, ಮರಕ್ಕೆ ಮೆಣಸಿನ ಬಳ್ಳಿ. ಆ ವರ್ಷ ಕುಯ್ಯಲು ಜನ ಸಿಗಲಿಲ್ಲ. 58 ವರ್ಷದ ಮನುಷ್ಯ ಒಂಟಿ ಬಿದಿರಿನ ಏಣಿ ಹಾಕಿಕೊಂಡು ತಾನೇ ಹತ್ತಿದ್ದಾರೆ. ಏಣಿ ಜಾರಿದೆ. ಕೆಳಗೆ ಮಳೆನೀರು ಇಂಗಲು ತೋಡಿದ ತೊಟ್ಟಿಲು ಗುಂಡಿ, ಅದರ ಅಂಚಿನಲ್ಲಿ ಕಲ್ಲು. ಮೊಣಕಾಲ ಕೆಳಗಿನ ಮೂಳೆ ಚರ್ಮ ಹರಿದುಕೊಂಡು ಹೊರಗೆ ಬಂದಿತ್ತಂತೆ. ಲೈನ್‌ಮನೆಯ ಅಣ್ಣ ಮತ್ತು ನಮ್ಮ ಮಾವ ಸೇರಿ ಜೀಪಿನ ಹಿಂದೆ ಮಲಗಿಸಿ ಮೈಸೂರಿಗೆ ಕರೆದುಕೊಂಡು ಹೋದರು. ಕೊಡಗಿನವರಿಗೆ ಈ ದಾರಿ ಹೊಸದಲ್ಲ. ದೊಡ್ಡ ಏಟು ಬಿದ್ದರೆ ಒಂದೋ ಮೈಸೂರು, ಇಲ್ಲಾ ಮಂಗಳೂರು.

ಡಾಕ್ಟರು ಮಣ್ಣು ಮೆತ್ತಿದ ಮೂಳೆ ಚೂರುಗಳನ್ನೆಲ್ಲ ತೆಗೆದರು. ಕೊನೆಗೆ 3 ಸೆಂಟಿಮೀಟರ್ ಜಾಗ ಖಾಲಿ ಉಳಿಯಿತು. ಮೊದಲು ಪ್ಲೇಟ್ ಹಾಕಿದರು. ಗಾಯ ಕೀವಾಗುವ ಭಯ ಹೋದ ಮೇಲೆ, ಸೊಂಟದ ಬದಿಯ ಮೂಳೆ ಕೆತ್ತಿ ತೆಗೆದು ಆ ಖಾಲಿ ಜಾಗಕ್ಕೆ ತುಂಬಿದರು. ಕಾಲು ಕೂಡಿಕೊಂಡಿತು. ಅಪ್ಪ ಈಗ ತೋಟ ಸುತ್ತುತ್ತಾರೆ. ಕೋಲು ಸಹ ಬೇಡ. ಆದರೆ ಕೆತ್ತಿದ ಜಾಗ ಮಾತ್ರ ಇವತ್ತಿಗೂ ಎಳೆಯುತ್ತದೆ.

"ಕಾಲು ಮುರಿದದ್ದು ಏಣಿ. ಸೊಂಟ ಮುರಿದದ್ದು ನಿಮ್ಮ ಸೈನ್ಸು," ಎನ್ನುತ್ತಾರೆ. ನಿಮ್ಮ ಅಂದರೆ ನನ್ನ. ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ದಿನವಿಡೀ ಒಂದು ಬಗೆಯ ಪ್ಲಾಸ್ಟಿಕ್‌ಗೆ ಒಂದು ಬಗೆಯ ಪುಡಿ ಬೆರೆಸಿ, ಅದನ್ನು ತ್ರೀಡಿ ಪ್ರಿಂಟರಿನಲ್ಲಿ ಎಳೆ ಎಳೆಯಾಗಿ ಒತ್ತಿ, ಮೂಳೆ ಇಲ್ಲದ ಜಾಗಕ್ಕೆ ಇಡುವ ಜಾಲರಿ ಮಾಡುವುದು ನನ್ನ ಕೆಲಸ. ಊರಲ್ಲಿ ಅರ್ಧ ಜನ ನನ್ನನ್ನು ಡಾಕ್ಟರ್ ಅಂದುಕೊಂಡಿದ್ದಾರೆ. ಮದುವೆಮನೆಯಲ್ಲಿ ಮಂಡಿ ನೋವಿಗೆ ಮಾತ್ರೆ ಕೇಳುತ್ತಾರೆ.

ಅಪ್ಪನ ಸೊಂಟ ಕೆತ್ತಿದ್ದು ತಪ್ಪೇನಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಖಾಲಿ ಜಾಗ ತುಂಬಲು ಇವತ್ತಿಗೂ ಅದಕ್ಕಿಂತ ಒಳ್ಳೆಯ ಸಾಮಾನು ಇಲ್ಲ. ಸ್ವಂತ ಮೂಳೆ, ಅದರಲ್ಲಿ ಜೀವಕಣ ಇದೆ, ಸುಣ್ಣ ಇದೆ, ಬೆಳೆಯಲು ಬೇಕಾದ ಎಲ್ಲ ಸೂಚನೆಗಳೂ ಅದರಲ್ಲೇ ಇವೆ. ತೊಂದರೆ ಏನೆಂದರೆ ಸೊಂಟದಲ್ಲಿ ಸಿಗುವುದು ಸ್ವಲ್ಪವೇ. ಮತ್ತೆ ಒಂದು ಗಾಯ ವಾಸಿ ಮಾಡಲು ಇನ್ನೊಂದು ಗಾಯ ಮಾಡಬೇಕು. ಈ ಎರಡನೇ ಗಾಯ ತಪ್ಪಿಸಲು ಆಗುತ್ತದಾ ಅನ್ನುವುದೇ ನಮ್ಮ ಇಡೀ ಕೆಲಸ.

ಈ ಸಲ ಹುತ್ತರಿಗೆ ಊರಿಗೆ ಹೋದಾಗ ಅಪ್ಪ ಕೇಳಿದರು. "ನೀನು ಮಾಡುವುದು ಎಂತ ಅಂತ ಒಂದು ಸಲ ಸರಿಯಾಗಿ ಹೇಳು. ಇಂಗ್ಲಿಷ್ ಬೇಡ."

ಹಬ್ಬದ ಮಾರನೇ ದಿನ. ನೂಪುಟ್ಟು ಅಂದರೆ ಅಕ್ಕಿ ಶಾವಿಗೆ, ಜೊತೆಗೆ ಕೋಳಿ ಸಾರು. ತಟ್ಟೆಯಲ್ಲಿ ಕೋಳಿ ಕಾಲಿನ ಎರಡು ಮೂಳೆ ಉಳಿದಿದ್ದವು. ಅಲ್ಲಿಂದಲೇ ಶುರು ಮಾಡಿದೆ. ಒಂದನ್ನು ಹುಳಿಯಲ್ಲಿ ನೆನೆಸಬೇಕು, ಇನ್ನೊಂದನ್ನು ಒಲೆಯ ಕೆಂಡದಲ್ಲಿ ಸುಡಬೇಕು. ನಮ್ಮ ಕೊಡಗಿನ ಕಪ್ಪು ಹುಳಿ, ಕಾಚಂಪುಳಿಯ ಬಾಟಲಿಗೆ ಕೈ ಹಾಕಿದೆ. "ಅದರ ರೇಟು ಗೊತ್ತುಂಟಾ ನಿನಗೆ?" ಅಂತ ಅಮ್ಮ ಕಿತ್ತುಕೊಂಡರು. ಹಾಗಾಗಿ ಅಂಗಡಿಯ ವಿನೆಗರ್. ದಿನಕ್ಕೊಮ್ಮೆ ಹೊಸದು ಹಾಕಿ ನಾಲ್ಕು ದಿನ ಇಟ್ಟೆ. ಮೂಳೆ ರಬ್ಬರಿನಂತಾಯಿತು. ಬಗ್ಗಿಸಿದರೆ ಬಗ್ಗುತ್ತದೆ, ಮುರಿಯುವುದಿಲ್ಲ. ಕೆಂಡದಲ್ಲಿ ಸುಟ್ಟದ್ದು ಬೆಳ್ಳಗಾಗಿ, ಬೆರಳಲ್ಲಿ ಒತ್ತಿದರೆ ಪುಡಿಪುಡಿ.

ಹುಳಿ ಮೂಳೆಯ ಖನಿಜವನ್ನು ಕರಗಿಸಿ ನಾರನ್ನು ಉಳಿಸಿತು. ಬೆಂಕಿ ನಾರನ್ನು ಸುಟ್ಟು ಖನಿಜವನ್ನು ಉಳಿಸಿತು. ಮೂಳೆ ಅಂದರೆ ಇವೆರಡರ ಬೆರಕೆ. ತೂಕದಲ್ಲಿ 100ಕ್ಕೆ 60ರಿಂದ 70 ಭಾಗ ಖನಿಜ, ಉಳಿದದ್ದರಲ್ಲಿ ಹೆಚ್ಚಿನದು ಕೊಲಾಜೆನ್ ಅನ್ನುವ ನಾರು, ಸ್ವಲ್ಪ ನೀರು. ಖನಿಜ ಗಟ್ಟಿತನ ಕೊಡುತ್ತದೆ, ನಾರು ಒಡೆಯದಂತೆ ಹಿಡಿದಿಡುತ್ತದೆ. ಅಪ್ಪ ತಕ್ಷಣ ಹೇಳಿದರು. "ನಮ್ಮ ಹಳೇ ಮನೆ ಗೋಡೆ." ಹೌದು, ಅದೇ. ಮಣ್ಣಿಗೆ ಭತ್ತದ ಹುಲ್ಲು ಕತ್ತರಿಸಿ ಹಾಕಿ ತುಳಿಯುತ್ತಿದ್ದರಲ್ಲ, ಹಾಗೆ. ಬರೀ ಮಣ್ಣು ಬಿರುಕು ಬಿಡುತ್ತದೆ, ಬರೀ ಹುಲ್ಲು ನಿಲ್ಲುವುದಿಲ್ಲ. ನಾನು ಅರ್ಧ ಗಂಟೆ ಕಷ್ಟಪಟ್ಟು ಹೇಳಬೇಕಿದ್ದನ್ನು ನಾಲ್ಕು ಶಬ್ದದಲ್ಲಿ ಮುಗಿಸಿದರು.

ಲ್ಯಾಬಿನಲ್ಲಿ ನಮ್ಮ ನಾರಿನ ಜಾಗದಲ್ಲಿ ಇರುವುದು ಪಿಸಿಎಲ್. ಪೂರ್ತಿ ಹೆಸರು ಪಾಲಿಕ್ಯಾಪ್ರೊಲ್ಯಾಕ್ಟೋನ್. ಮೈಯಲ್ಲಿ ನಿಧಾನವಾಗಿ ಕರಗಿ ಹೋಗುವ ಪ್ಲಾಸ್ಟಿಕ್. ಸುಮಾರು 60 ಡಿಗ್ರಿಗೆ ಕರಗುತ್ತದೆ. ಅದರ ಕಾಳುಗಳನ್ನು ಬಿಸಿನೀರಿಗೆ ಹಾಕಿ ತೋರಿಸಿದೆ. ಬಿಳಿ ಕಾಳು ಗಾಜಿನಂತೆ ಆಗಿ ಒಂದಕ್ಕೊಂದು ಅಂಟಿಕೊಂಡಿತು. ಅಪ್ಪ ಅದನ್ನು ರೊಟ್ಟಿ ಹಿಟ್ಟಿನಂತೆ ನಾದಿ, ಗಿಡ ಕತ್ತರಿಸುವ ಕತ್ತರಿಯ ಒಡೆದ ಹಿಡಿಗೆ ಮೆತ್ತಿದರು. ತಣ್ಣಗಾದ ಮೇಲೆ ಕಲ್ಲಿನಂತೆ ಕೂತಿತು. ಇಡೀ ಪಾಠದಲ್ಲಿ ಅವರಿಗೆ ಇಷ್ಟವಾದದ್ದು ಇದೊಂದೇ ಅಂತ ಕಾಣುತ್ತದೆ.

ಖನಿಜದ ಜಾಗದಲ್ಲಿ ಟ್ರೈಕ್ಯಾಲ್ಸಿಯಂ ಫಾಸ್ಫೇಟ್. ಮೈದಾ ಥರದ ಬಿಳಿ ಪುಡಿ. ಮೂಳೆಯ ಖನಿಜ ಹೈಡ್ರಾಕ್ಸಿಅಪಟೈಟ್ ಜಾತಿಯದು. ಅದನ್ನೇ ನೇರವಾಗಿ ಬಳಸುವವರೂ ಇದ್ದಾರೆ. ಆದರೆ ಅದು ಮೈಯಲ್ಲಿ ಕರಗುವುದು ಬಹಳ ನಿಧಾನ. ನಮ್ಮ ಪುಡಿ ಅದಕ್ಕಿಂತ ಬೇಗ ಕರಗಿ, ಸುಣ್ಣದಂಶವನ್ನು ಪಕ್ಕದಲ್ಲೇ ಬಿಟ್ಟುಕೊಡುತ್ತದೆ. ಬರೀ ಪಿಸಿಎಲ್ ಆದರೆ ನುಣುಪು, ನೀರನ್ನು ಹತ್ತಿರ ಸೇರಿಸುವುದಿಲ್ಲ. ಮೂಳೆಯ ಜೀವಕಣಗಳಿಗೆ ಅದರ ಮೇಲೆ ಕಾಲೂರುವುದು ಕಷ್ಟ. ಪುಡಿ ಬೆರೆಸಿದರೆ ಅದರ ಮೇಲ್ಮೈ ಒರಟಾಗುತ್ತದೆ, ಕಣಗಳು ಕೂರುತ್ತವೆ. 100 ಗ್ರಾಂನಲ್ಲಿ 20 ಗ್ರಾಂ ಪುಡಿ, 80 ಗ್ರಾಂ ಪಿಸಿಎಲ್ ಅನ್ನುವುದು ತುಂಬಾ ಜನ ಬಳಸಿ ನೋಡಿದ ಅಳತೆ.

ಹಾಗಾದರೆ 60 ಗ್ರಾಂ ಪುಡಿ ಹಾಕಿ ನಿಜವಾದ ಮೂಳೆಯಂತೆಯೇ ಮಾಡಬಹುದಲ್ವಾ? ನಾನೂ ಶುರುವಿನಲ್ಲಿ ಹಾಗೇ ಅಂದುಕೊಂಡು ಒಂದು ವಾರ ಹಾಳು ಮಾಡಿದೆ. ಇದಕ್ಕೆ ಉತ್ತರ ನಮ್ಮ ಅಡುಗೆಮನೆಯಲ್ಲೇ ಇತ್ತು.

ನೂಪುಟ್ಟು ಒತ್ತುವುದನ್ನು ನೋಡಿದವರಿಗೆ ತ್ರೀಡಿ ಪ್ರಿಂಟರ್ ಹೊಸದಲ್ಲ. ಬೆಂದ ಹಿಟ್ಟಿನ ಉಂಡೆಯನ್ನು ಬಿಸಿ ಇರುವಾಗಲೇ ಒರಳಿಗೆ ಹಾಕಿ ಮೇಲಿಂದ ಒತ್ತಿದರೆ ಕೆಳಗಿನ ತೂತುಗಳಿಂದ ಎಳೆ ಬರುತ್ತದೆ. ನಮ್ಮಲ್ಲಿ ತೂತು ಒಂದೇ, ಅಗಲ 0.4 ಮಿಲಿಮೀಟರ್. ಒತ್ತುವುದು ಅಮ್ಮನ ಕೈಯಲ್ಲ, ಮೋಟಾರು. ಅಷ್ಟೇ ವ್ಯತ್ಯಾಸ. ಹಿಟ್ಟು ತಣ್ಣಗಾದರೆ ಒರಳು ಜಗ್ಗುವುದಿಲ್ಲ. ಹಿಟ್ಟಲ್ಲಿ ಒಂದು ತರಿ ಇದ್ದರೂ ತೂತು ಕಟ್ಟಿಕೊಳ್ಳುತ್ತದೆ. ಅದಕ್ಕೇ ಅಮ್ಮ ಅಕ್ಕಿಹಿಟ್ಟನ್ನು ಎರಡೆರಡು ಸಲ ಜರಡಿ ಹಿಡಿಯುತ್ತಾರೆ. ನಮ್ಮ ಪುಡಿಯದೂ ಅದೇ ಕತೆ. ಒಂದೊಂದು ಕಣ ಸಣ್ಣದೇ, ಆದರೆ ಒಟ್ಟಿಗೆ ಗಂಟು ಕಟ್ಟಿಕೊಳ್ಳುತ್ತವೆ. ಪುಡಿ ಜಾಸ್ತಿಯಾದಷ್ಟೂ ಕರಗಿದ ಪ್ಲಾಸ್ಟಿಕ್ ಗಟ್ಟಿಯಾಗಿ ತೂತಿನಿಂದ ಇಳಿಯುವುದಿಲ್ಲ. ಇಳಿದರೂ ಎಳೆ ಪೆಡಸು, ಹಿಡಿದರೆ ಚಟ್ ಅಂತ ಮುರಿಯುತ್ತದೆ. ಆ ವಾರ ನಾನು ಐದು ನಳಿಕೆ ಕಟ್ಟಿಸಿಕೊಂಡೆ.

ಸುಮ್ನೆ ಒಂದು ಮಾತು. ಬಿಸಿ ಪ್ಲಾಸ್ಟಿಕ್ ಎಳೆಯನ್ನು ಪದರ ಪದರವಾಗಿ ಹಾಕುವ ಈ ಬಗೆಯ ಪ್ರಿಂಟರ್ ಹುಟ್ಟಿದ್ದೂ ಅಡುಗೆಮನೆಯಲ್ಲೇ. 1988ರಲ್ಲಿ ಅಮೆರಿಕದ ಸ್ಕಾಟ್ ಕ್ರಂಪ್ ಮಗಳಿಗೆ ಆಟದ ಕಪ್ಪೆ ಮಾಡಿಕೊಡಲು ಅಂಟು ಸುರಿಸುವ ಗನ್ನಿನಲ್ಲಿ ಪ್ಲಾಸ್ಟಿಕ್ ಮತ್ತು ಮೇಣ ಬೆರೆಸಿ ಹಾಕಿ ಪದರ ಕಟ್ಟಿದ್ದ. ಮರುವರ್ಷ ಪೇಟೆಂಟಿಗೆ ಅರ್ಜಿ ಹಾಕಿದ. ಅಮ್ಮನಿಗೆ ಇದನ್ನು ಹೇಳಿದೆ. "ಆಮೇಲೆ ಅಡುಗೆಮನೆ ಕ್ಲೀನ್ ಮಾಡಿದ್ದು ಯಾರು?" ಅಂದರು.

ಒರಳಿನಿಂದ ಬಂದ ಎಳೆ ತಟ್ಟೆಯ ಮೇಲೆ ಹೇಗೆಂದರೆ ಹಾಗೆ ಸುತ್ತಿಕೊಳ್ಳುತ್ತದೆ. ನಮ್ಮದು ಚಾಪೆ ಹೆಣೆದಂತೆ. ಒಂದು ಪದರ ಉದ್ದಕ್ಕೆ, ಅದರ ಮೇಲಿನದು ಅಡ್ಡಕ್ಕೆ. ನಡುವೆ ಉಳಿಯುವ ಕಿಂಡಿ 300ರಿಂದ 500 ಮೈಕ್ರಾನ್. ಒಂದು ಕಾಗದದ ದಪ್ಪ ಸುಮಾರು 100 ಮೈಕ್ರಾನ್ ಅಂದುಕೊಳ್ಳಿ. ಮೂರು ನಾಲ್ಕು ಕಾಗದ ತೂರುವಷ್ಟು ಸಂದು. ನೋಡುವವರು ಎಳೆಯನ್ನು ನೋಡುತ್ತಾರೆ. ಮುಖ್ಯವಾದದ್ದು ಸಂದು. ಅದರೊಳಗೆ ರಕ್ತನಾಳ ಬೆಳೆದು ಬರಬೇಕು. ನಾಳದಿಂದ 200 ಮೈಕ್ರಾನಿಗಿಂತ ದೂರ ಇರುವ ಜೀವಕಣ ಹೊಟ್ಟೆಗಿಲ್ಲದೆ ಸಾಯುತ್ತದೆ. ಸಂದು ತೀರಾ ಚಿಕ್ಕದಾದರೆ ನಾಳಕ್ಕೆ ದಾರಿ ಇಲ್ಲ, ತೀರಾ ದೊಡ್ಡದಾದರೆ ಜಾಲರಿಗೆ ಬಲ ಇಲ್ಲ. ತೋಟದಲ್ಲಿ ಗಿಡ ಒತ್ತಾಗಿ ನೆಟ್ಟು ದಾರಿ ಬಿಡದಿದ್ದರೆ ಕುಯ್ಯುವವರು ಒಳಗೆ ಹೋಗುವುದೆಲ್ಲಿಂದ?

ಇಲ್ಲಿಯವರೆಗೆ ಎಲ್ಲರಿಗೂ ಇಷ್ಟವಾಗುತ್ತದೆ. ಟಿವಿಯವರು ಬಂದರೂ ಪ್ರಿಂಟರ್ ಓಡುವುದನ್ನೇ ಚಿತ್ರೀಕರಿಸುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ ಆಕಾರ ಕೊಡುವುದು ಈ ಕೆಲಸದಲ್ಲಿ ಸುಲಭದ ಭಾಗ. ಸ್ಕ್ಯಾನ್ ಮಾಡಿದರೆ ಖಾಲಿ ಜಾಗದ ಅಚ್ಚು ಸಿಗುತ್ತದೆ, ಕಂಪ್ಯೂಟರ್ ಅದನ್ನು ಪದರಗಳಾಗಿ ಸೀಳುತ್ತದೆ, ಪ್ರಿಂಟರ್ ಒತ್ತುತ್ತದೆ. ನಿದ್ದೆ ಕೆಡಿಸುವುದು ಆಮೇಲಿನದು. ಹಾಕಿದ ಸಾಮಾನು ಯಾವಾಗ ಎದ್ದು ಹೋಗಬೇಕು?

ಮನೆ ಕಟ್ಟುವಾಗ ಸಾರುವೆ ಹಾಕುತ್ತಾರಲ್ಲ, ಅಡಿಕೆ ಮರ, ಬಿದಿರು ಕಟ್ಟಿ. ಗೋಡೆ ಏಳುವ ಮೊದಲೇ ಬಿಚ್ಚಿದರೆ ಗಾರೆಯವನು ಕೆಳಗೆ. ಗೋಡೆ ಎದ್ದ ಮೇಲೂ ಬಿಚ್ಚದಿದ್ದರೆ ಮನೆಯೊಳಗೆ ಹೋಗುವುದು ಹೇಗೆ? ಅಪ್ಪ ಇದನ್ನೂ ತೋಟಕ್ಕೆ ಎಳೆದರು. ಹೊಸ ಕಾಫಿ ಗಿಡಕ್ಕೆ ಬೇಗ ನೆರಳು ಬೇಕು ಅಂತ ಹಾಲವಾಣದ ಗೂಟ ನೆಡುತ್ತಾರೆ. ದೊಡ್ಡ ನೆರಳು ಮರ ಎದ್ದ ಮೇಲೆ ಅದನ್ನು ತೆಗೆಯುತ್ತಾರೆ. ತೆಗೆಯುವ ವರ್ಷ ಯಾವುದು ಅನ್ನುವುದಕ್ಕೆ ಅಪ್ಪನಿಗೂ ಮಾವನಿಗೂ ಪ್ರತಿ ಸಲ ಜಗಳ.

ನಮ್ಮ ಕಷ್ಟ ಏನೆಂದರೆ ಮೈಯೊಳಗೆ ಹೋಗಿ ತೆಗೆಯುವವರು ಯಾರೂ ಇಲ್ಲ. ತಾನೇ ಹೋಗಬೇಕು. ಅದೂ ಹೇಳಿದ ಹೊತ್ತಿಗೆ. ಹೊಲಿಗೆ ಹಾಕುವ ಕರಗುವ ದಾರ ಎರಡು ತಿಂಗಳ ಆಸುಪಾಸಿನಲ್ಲಿ ಮಾಯವಾಗುತ್ತದೆ. ಚರ್ಮಕ್ಕೆ ಅದು ಸಾಕು, ಮೂಳೆಗೆ ಸಾಲದು. ಪಿಸಿಎಲ್ ಹೋಗಲು ಎರಡು ಮೂರು ವರ್ಷ ಅಥವಾ ಇನ್ನೂ ಜಾಸ್ತಿ. ನಡುವಿನ ಆಯ್ಕೆ ಪಿಎಲ್‌ಎ, ಮೆಕ್ಕೆಜೋಳದ ಪಿಷ್ಟದಿಂದ ಮಾಡುವ ಪ್ಲಾಸ್ಟಿಕ್.

ಪಿಎಲ್‌ಎ ಹೆಸರು ಕೇಳಿ ಅಪ್ಪ ಎದ್ದು ಹೋಗಿ ಗೊಬ್ಬರದ ಗುಂಡಿಯಿಂದ ಒಂದು ಲೋಟ ತಂದರು. ಪಕ್ಕದ ಹೋಮ್‌ಸ್ಟೇಯವರು ಕೊಟ್ಟಿದ್ದು, ಮಣ್ಣಲ್ಲಿ ಕೊಳೆಯುತ್ತದೆ ಅಂತ ಅದರ ಮೇಲೆ ಬರೆದಿತ್ತಂತೆ. ಒಂದೂವರೆ ವರ್ಷವಾದರೂ ಲೋಟ ಲೋಟವೇ. "ಇದನ್ನಾ ನೀವು ಕಾಲಿಗೆ ಹಾಕುವುದು?" ನಗು ಬಂತು. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಪಿಎಲ್‌ಎ ಕೊಳೆಯಲು ಗುಂಡಿಯ ಒಳಗೆ ಹೆಚ್ಚು ಕಡಿಮೆ 60 ಡಿಗ್ರಿ ಬಿಸಿ ವಾರಗಟ್ಟಲೆ ಬೇಕು. ದೊಡ್ಡ ಕಾಂಪೋಸ್ಟ್ ಘಟಕದಲ್ಲಿ ಅದು ಸಿಗುತ್ತದೆ, ಕೊಡಗಿನ ಚಳಿಯಲ್ಲಿ ನಮ್ಮ ಸಗಣಿ ಗುಂಡಿಯಲ್ಲಿ ಸಿಗುವುದಿಲ್ಲ. ಮೈಯಲ್ಲಿ ನಡೆಯುವುದು ಕೊಳೆಯುವ ಕೆಲಸವೇ ಅಲ್ಲ. ಪ್ಲಾಸ್ಟಿಕ್ ಅಂದರೆ ಅಣುಗಳ ಉದ್ದನೆಯ ಸರಪಳಿ; ನೀರು ಒಳಗೆ ನುಗ್ಗಿ ಆ ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಬಿಡಿಸುತ್ತದೆ. ಕೊನೆಗೆ ಉಳಿಯುವುದು ಲ್ಯಾಕ್ಟಿಕ್ ಆಮ್ಲ. ಬೆಟ್ಟ ಹತ್ತಿದಾಗ ನಮ್ಮ ಸ್ನಾಯು ಮಾಡುವುದೂ ಅದನ್ನೇ. ಮೈಗೆ ಅದನ್ನು ವಿಲೇವಾರಿ ಮಾಡಿ ಗೊತ್ತು.

ನೀರು ಪಿಎಲ್‌ಎಗೆ ಏನು ಮಾಡುತ್ತದೆ ಅನ್ನುವುದನ್ನು ನಾನು ಪುಸ್ತಕಕ್ಕಿಂತ ಚೆನ್ನಾಗಿ ಕಲಿತದ್ದು ಒಂದು ಜುಲೈಯಲ್ಲಿ, ಮನೆಯಲ್ಲಿ. ಚಿಕ್ಕ ಪ್ರಿಂಟರನ್ನೂ ಅದಕ್ಕೆ ಹಾಕುವ ಪಿಎಲ್‌ಎ ದಾರದ ಒಂದು ಸುರುಳಿಯನ್ನೂ ಊರಿಗೆ ತಂದಿದ್ದೆ. ಬಟ್ಟೆ ಹದಿನೈದು ದಿನ ಒಣಗದ ಮಳೆ. ನಾಲ್ಕನೇ ದಿನಕ್ಕೆ ನಳಿಕೆಯಲ್ಲಿ ಚಟಚಟ ಸದ್ದು, ಎಳೆಯ ತುಂಬಾ ಗುಳ್ಳೆ. ದಾರ ಹೀರಿಕೊಂಡ ತೇವ ಬಿಸಿಗೆ ಆವಿಯಾಗಿ ಸಿಡಿಯುತ್ತಿತ್ತು. ಜೊತೆಗೆ ಸರಪಳಿಯನ್ನೂ ಕತ್ತರಿಸುತ್ತಿತ್ತು. ಮೈಯಲ್ಲಿ ತಿಂಗಳುಗಟ್ಟಲೆ ನಡೆಯುವ ಕೆಲಸ ನಳಿಕೆಯಲ್ಲಿ ಕ್ಷಣದಲ್ಲಿ. ಸುರುಳಿಯನ್ನು ಒಲೆ ಮೇಲಿನ ಅಟ್ಟದಲ್ಲಿ ಇಡು ಅಂದರು ಅಮ್ಮ. ಇಟ್ಟೆ. ಸರಿಹೋಯಿತು. ಆದರೆ ಆ ಬ್ಯಾಚಿಗೆ ಒಣಮೀನಿನ ವಾಸನೆ ಬಂದು ಬಿಸಾಡಬೇಕಾಯಿತು.

ಪಿಎಲ್‌ಎಯ ಇನ್ನೊಂದು ತಕರಾರು ಆ ಆಮ್ಲವೇ. ಸ್ವಲ್ಪ ಸ್ವಲ್ಪ ಬಂದರೆ ರಕ್ತ ಅದನ್ನು ಒಯ್ಯುತ್ತದೆ. ದಪ್ಪ ತುಂಡಾದರೆ ಆಮ್ಲ ಒಳಗೇ ಸಿಕ್ಕಿಬೀಳುತ್ತದೆ. ಆ ಹುಳಿ ಉಳಿದ ಸರಪಳಿಯನ್ನು ಇನ್ನೂ ಬೇಗ ಕತ್ತರಿಸುತ್ತದೆ. ಹೊರಗೆ ಗಟ್ಟಿಯಾಗಿ ಕಾಣುವ ತುಂಡು ಒಳಗೆ ಟೊಳ್ಳಾಗಿ ಒಂದು ದಿನ ಕುಸಿಯಬಹುದು, ಸುತ್ತ ಊತ ಬರಬಹುದು. ಇಲ್ಲಿ ಬಿಳಿ ಪುಡಿ ಎರಡನೇ ಸಲ ಕೆಲಸಕ್ಕೆ ಬರುತ್ತದೆ. ಹುಳಿ ಬಂದಾಗ ಪುಡಿ ಕರಗಿ ಅದನ್ನು ತಗ್ಗಿಸುತ್ತದೆ. ಇದನ್ನು ಅಪ್ಪನಿಗೆ ವಿವರಿಸುವ ಅಗತ್ಯವೇ ಬೀಳಲಿಲ್ಲ. ಕೊಡಗಿನ ಮಣ್ಣು ಹುಳಿ. ಮಣ್ಣು ಪರೀಕ್ಷೆಯಲ್ಲಿ ಪಿಎಚ್ ಇಳಿದರೆ ತೋಟಕ್ಕೆ ಸುಣ್ಣ ಎರಚುವುದು ಎಲ್ಲರಿಗೂ ಗೊತ್ತು.

ಅಜ್ಜ ಮಿಲಿಟರಿಯಲ್ಲಿದ್ದವರು. ಅವರು ಇದ್ದಿದ್ದರೆ ಅವರಿಗೆ ಒಂದು ಕತೆ ಹೇಳುತ್ತಿದ್ದೆ. 1967ರಲ್ಲಿ ಲ್ಯಾರಿ ಹೆಂಚ್ ಅನ್ನುವ ಗಾಜಿನ ವಿಜ್ಞಾನಿ ಸೇನೆಯ ಒಂದು ಸಮ್ಮೇಳನಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದ. ಪಕ್ಕದ ಸೀಟಿನಲ್ಲಿ ಆಗಷ್ಟೇ ವಿಯೆಟ್ನಾಂ ಯುದ್ಧದಿಂದ ಬಂದ ಕರ್ನಲ್. ಕೈಕಾಲು ಕಳೆದುಕೊಂಡ ಹುಡುಗರನ್ನು ನೋಡಿ ನೋಡಿ ಬೇಸತ್ತಿದ್ದ ಆತ, ಮೈ ಹೊರಗೆ ತಳ್ಳದಂಥ ಒಂದು ಸಾಮಾನು ಮಾಡಲು ಆಗುತ್ತದಾ ಅಂತ ಕೇಳಿದ. ಎರಡು ವರ್ಷ ಬಿಟ್ಟು, 1969ರಲ್ಲಿ, ಹೆಂಚ್ ಒಂದು ಗಾಜು ಮಾಡಿದ. 45 ಭಾಗ ಸಿಲಿಕಾ, ಸೋಡಾ ಮತ್ತು ಸುಣ್ಣ ತಲಾ 24.5 ಭಾಗ, ಉಳಿದ 6 ಭಾಗ ಫಾಸ್ಫರಸ್ ಆಕ್ಸೈಡ್. ಇಲಿಯ ಮೂಳೆಯಲ್ಲಿ ಇಟ್ಟು ಆರು ವಾರದ ನಂತರ ಎಳೆದರೆ ಬರಲಿಲ್ಲ, ಮೂಳೆಯ ಜೊತೆ ಒಂದಾಗಿತ್ತು. ಈಗ ಆ ಗಾಜಿನ ಪುಡಿಯನ್ನೂ ಪಿಸಿಎಲ್ ಜೊತೆ ಬೆರೆಸಿ ಪ್ರಿಂಟ್ ಮಾಡುವವರಿದ್ದಾರೆ. ಬಸ್ಸಿನಲ್ಲಿ ಪಕ್ಕದವರ ಜೊತೆ ಮಾತಾಡದ ನನ್ನಂಥವರಿಗೆ ಇದು ಸ್ವಲ್ಪ ಚುಚ್ಚುತ್ತದೆ.

"ಅಷ್ಟೆಲ್ಲ ಇದ್ದರೆ ನನಗೆ ಯಾಕೆ ಹಾಕಲಿಲ್ಲ?" ಇದು ಬರುತ್ತದೆ ಅಂತ ಗೊತ್ತಿತ್ತು.

ಪ್ರಿಂಟ್ ಮಾಡಿದ ಪಿಸಿಎಲ್ ಜಾಲರಿ ಆಸ್ಪತ್ರೆಗಳಿಗೆ ಬಂದು ವರ್ಷಗಳಾಗಿವೆ. ಸಿಂಗಾಪುರದಲ್ಲಿ ಮಾಡಿದ ಪುಟ್ಟ ಬಿರಡೆಗಳನ್ನು ತಲೆಬುರುಡೆಗೆ ಕೊರೆದ ತೂತು ಮುಚ್ಚಲು ಬಳಸುತ್ತಾರೆ. ಕಣ್ಣಿನ ಗೂಡಿಗೂ ಹಾಕುತ್ತಾರೆ. ಅಲ್ಲೆಲ್ಲ ಭಾರ ಹೊರುವ ಕೆಲಸವಿಲ್ಲ. ಕಾಲಿನ ಮೂಳೆ ಹಾಗಲ್ಲ. ಗಟ್ಟಿ ಮೂಳೆಯ ಬಿಗಿತ 10ರಿಂದ 20 ಗಿಗಾಪಾಸ್ಕಲ್ (ಬಿಗಿತ ಅಳೆಯುವ ಮಾನ), ಪಿಸಿಎಲ್‌ನದು ಅರ್ಧ ಗಿಗಾಪಾಸ್ಕಲ್ ಕೂಡ ಇಲ್ಲ. ಪಕ್ಕದಲ್ಲಿ ಲೋಹದ ಪ್ಲೇಟ್ ಇರಲೇಬೇಕು. ಟೈಟಾನಿಯಂನದು ಸುಮಾರು 110. ಅದು ಬೇರೆ ತಲೆನೋವು. ಪ್ಲೇಟೇ ಭಾರವೆಲ್ಲ ಹೊತ್ತರೆ ಮೂಳೆ ಸೋಮಾರಿಯಾಗಿ ತೆಳ್ಳಗಾಗುತ್ತದೆ. ಹೊರೆ ಬಿದ್ದಲ್ಲಿ ಮೂಳೆ ಬೆಳೆಯುತ್ತದೆ, ಬೀಳದಲ್ಲಿ ಸವೆಯುತ್ತದೆ ಅಂತ ಜರ್ಮನಿಯ ಜೂಲಿಯಸ್ ವುಲ್ಫ್ 1892ರಲ್ಲೇ ಬರೆದಿದ್ದ. 2017ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಒಬ್ಬ ಯುವಕನ ಕಾಲಿಗೆ ಇಂಥ ಪ್ರಿಂಟ್ ಮಾಡಿದ ಜಾಲರಿ ಹಾಕಿದರು. ಕಾಲು ಉಳಿಯಿತು. ಆದರೆ ಒಂದು ಆಪರೇಷನ್ನಿಗೆ ಮುಗಿದ ಕೆಲಸ ಅಲ್ಲ ಅದು.

ಇಷ್ಟೆಲ್ಲ ಹೇಳಿ, "ನಿಮಗೆ ಸೊಂಟದ ಮೂಳೆಯೇ ಸರಿ ಇತ್ತು ಅಪ್ಪ," ಅಂದೆ. ಅವರು ಸೊಂಟ ಒತ್ತಿಕೊಂಡು ಸುಮ್ಮನೆ ಕೂತರು. ಆ ಮೌನ ನನಗೆ ಹಿತ ಅನ್ನಿಸಲಿಲ್ಲ.

ಹೊರಡುವಾಗ ಒಂದು ಸ್ಯಾಂಪಲ್ ಕೇಳಿದರು. ಅಳತೆ ತಪ್ಪಿದ ಒಂದು ತುಂಡು ಬ್ಯಾಗಲ್ಲಿತ್ತು, ಹೆಬ್ಬೆರಳಿನ ಉಗುರಿನಷ್ಟು. ಕೊಟ್ಟೆ. ಇದನ್ನು ಕುಕ್ಕರಿನಂಥ ಯಂತ್ರದಲ್ಲಿ 121 ಡಿಗ್ರಿಯಲ್ಲಿ ಬೇಯಿಸಿ ಕ್ರಿಮಿ ತೆಗೆಯಲು ಬರುವುದಿಲ್ಲ, ಕರಗಿಬಿಡುತ್ತದೆ, ಅದಕ್ಕೇ ಗಾಮಾ ಕಿರಣ ಅಥವಾ ಗ್ಯಾಸ್ ಬಳಸುತ್ತಾರೆ ಅಂತಲೂ ಹೇಳಿದ್ದೆ. ತಲೆಯಾಡಿಸಿದ್ದರು. ಮೆಣಸಿನ ಲೆಕ್ಕದ ಪುಸ್ತಕದ ಜೊತೆ ಇಟ್ಟುಕೊಂಡರಂತೆ. ಬಂದ ನೆಂಟರಿಗೆಲ್ಲ ತೋರಿಸುತ್ತಿದ್ದರಂತೆ.

ಕಳೆದ ಭಾನುವಾರ ಫೋನ್ ಬಂತು.

"ನಿನ್ನ ಮೂಳೆ ಕರಗಿ ಹೋಯ್ತು ಮಾರಾಯ್ತಿ."

"ಎಂತ ಮಾಡಿದಿರಿ?"

"ಒಳಗೆ ದಾರಿ ಉಂಟು ಅಂದಿದ್ದಿಯಲ್ಲ. ನೀರು ಇಳಿಯುತ್ತದಾ ಅಂತ ಮಾವನಿಗೆ ತೋರಿಸಬೇಕಿತ್ತು. ನೀರು ಯಾಕೆ, ಅಂತ ಲೋಟದಲ್ಲಿದ್ದ ಕಾಫಿ ಹೊಯ್ದೆ."

"ಬಿಸಿ ಕಾಫಿ?"

"ತಣ್ಣಗಿನ ಕಾಫಿ ಯಾರು ಕುಡಿಯುತ್ತಾರೆ? ಎರಡು ಮೂರು ವರ್ಷ ಬೇಕು ಅಂದಿದ್ದೆ ನೀನು. ಎರಡು ನಿಮಿಷದಲ್ಲಿ ಮುದ್ದೆ. ಈಗ ಲೋಟದ ತಳಕ್ಕೆ ಅಂಟಿಕೊಂಡು ಕೂತಿದೆ, ನಿನ್ನ ಅಮ್ಮ ಬೈಯುತ್ತಿದ್ದಾಳೆ."

ಬಿಸಿನೀರು ಹಾಕಿದರೆ ಬಿಟ್ಟುಕೊಳ್ಳುತ್ತದೆ ಅಂದೆ. ಇನ್ನೊಂದು ಕಳಿಸು ಅಂದರು.